‘ಕಾಸಾಬ್ಲಾಂಕಾ’ ನೋಡಿ ನಮ್ಮ ಹುಡುಗ್ರು ನಕ್ಕುಬಿಟ್ರು, ತಪ್ಪು ಸಿನಿಮಾದ್ದಾ ನಮ್ದಾ?

ಪ್ರಶ್ನೆ: ಸರ್, ನಾನು ಒಂದು ಡಿಗ್ರಿ ಕಾಲೇಜಲ್ಲಿ ಇಂಗ್ಲಿಷ್ ಲೆಕ್ಚರರ್. ಈ ವರ್ಷ ಫಿಲ್ಮ್ ಕ್ಲಬ್ ಶುರು ಮಾಡಿ ಮೊದಲನೇ ಸಿನಿಮಾನೇ ‘ಕಾಸಾಬ್ಲಾಂಕಾ’ ಹಾಕಿದ್ವಿ, ಯಾಕಂದ್ರೆ ಎಲ್ಲಿ ನೋಡಿದ್ರೂ ಪ್ರಪಂಚದ ಬೆಸ್ಟ್ ಲವ್ ಸ್ಟೋರಿ ಅಂತಾನೇ ಬರೆದಿರ್ತಾರೆ. ಮೊದಲ ಅರ್ಧ ಗಂಟೆ ಮಕ್ಕಳೆಲ್ಲ ಮೊಬೈಲ್ ನೋಡ್ತಾ ಕೂತಿದ್ರು. ಹೀರೋ ಅಂಕಲ್ ಥರ ಇದಾನೆ ಅಂತ ಹುಡುಗ್ರು ಕಾಮೆಂಟ್ ಹೊಡೆದ್ರು. ಹೀರೋಯಿನ್ ‘ಇನ್ಮೇಲೆ ನಮ್ಮಿಬ್ಬರ ಪರವಾಗಿ ನೀನೇ ಯೋಚನೆ ಮಾಡಬೇಕು’ ಅಂದಾಗ ಇಡೀ ರೂಮ್ ನಕ್ಕುಬಿಡ್ತು, ಒಬ್ಬ ಹುಡುಗಿ ‘ಇವಳಿಗೆ ಸ್ವಂತ ಬುದ್ಧಿ ಇಲ್ವಾ ಮೇಡಂ’ ಅಂತ ಕೇಳಿದ್ಲು. ನಮ್ಮ ಹಿಸ್ಟರಿ ಸರ್ ಬೇರೆ, ಇದು ಬರೀ ಯುದ್ಧದ ಪ್ರಚಾರದ ಸಿನಿಮಾ, ಕ್ಲೈಮ್ಯಾಕ್ಸ್ ಏನು ಅಂತ ಕೊನೇ ದಿನದವರೆಗೂ ಯಾರಿಗೂ ಗೊತ್ತಿರಲಿಲ್ಲ, ಮೊದಲು ಹೀರೋ ಆಗಬೇಕಿದ್ದದ್ದು ರೊನಾಲ್ಡ್ ರೇಗನ್, ಆ ಇಬ್ಬರು ನಿಜ ಜೀವನದಲ್ಲೂ ಲವ್ ಮಾಡ್ತಿದ್ರು ಅದಕ್ಕೇ ಕೆಮಿಸ್ಟ್ರಿ ಹಾಗಿದೆ ಅಂತೆಲ್ಲ ಹೇಳಿದ್ರು. ಇದರಲ್ಲಿ ಎಷ್ಟು ನಿಜ? ಇನ್ನೊಂದು ಬ್ಯಾಚಿಗೆ ಮತ್ತೆ ಹಾಕಬೇಕು ಅಂತಿದೀವಿ. ಕಲರ್ ಮಾಡಿರೋ ಕಾಪಿ ಸಿಕ್ಕಿದೆ, ಅದನ್ನ ಹಾಕ್ಲಾ? ಒಳ್ಳೊಳ್ಳೆ ಸೀನ್ ಮಾತ್ರ ತೋರಿಸ್ಲಾ? ಅಥವಾ ಬಿಟ್ಟೇ ಬಿಡ್ಲಾ? ಒಂದು ಮಾತು ಸರ್, ನಾನು ಮಾತ್ರ ಕೊನೇಲಿ ಅತ್ತೆ. ನನ್ನ ಟೇಸ್ಟೇ ಹಳೇದಾಯ್ತೇನೋ ಅಂತ ಅನ್ನಿಸಿ ಮುಜುಗರ ಆಯ್ತು.

ಉತ್ತರ: ಮೇಡಂ, ಕೊನೇ ಮಾತಿಂದಾನೇ ಶುರು ಮಾಡ್ತೀನಿ. ಅತ್ತಿದ್ದಕ್ಕೆ ಮುಜುಗರ ಪಡೋದೇನೂ ಇಲ್ಲ, ಮಕ್ಕಳು ನಕ್ಕಿದ್ದಕ್ಕೆ ಬೇಜಾರು ಮಾಡ್ಕೊಳ್ಳೋದೂ ಬೇಡ. ಫಿಲ್ಮ್ ಅಪ್ರಿಸಿಯೇಷನ್ ಕ್ಲಾಸುಗಳಲ್ಲಿ ಈ ಸಿನಿಮಾನ ಬೇರೆ ಬೇರೆ ಊರಲ್ಲಿ, ಬೇರೆ ಬೇರೆ ವಯಸ್ಸಿನವರ ಜೊತೆ ಕೂತು ನೋಡಿದೀನಿ, ನಗು ಬರೋ ಜಾಗಗಳು ಹೆಚ್ಚುಕಮ್ಮಿ ಎಲ್ಲಾ ಕಡೆ ಅವೇ. ನಕ್ಕವರಲ್ಲೇ ಕೆಲವರು ಆಮೇಲೆ ಏರ್‌ಪೋರ್ಟ್ ಸೀನಿಗೆ ಬರೋ ಹೊತ್ತಿಗೆ ಸೈಲೆಂಟ್ ಆಗಿರ್ತಾರೆ.

ನಿಮ್ಮ ಅಸಲಿ ಪ್ರಾಬ್ಲಮ್ ನನಗೆ ಕಾಣಿಸ್ತಿರೋದು ಬೇರೆ. ‘ಬೆಸ್ಟ್ ಲವ್ ಸ್ಟೋರಿ’ ಅಂತ ಹೇಳಿ ಮಕ್ಕಳನ್ನ ಕೂರಿಸಿದ್ರಿ, ಅವರು ಪಾಪ ಲವ್ ಸ್ಟೋರಿ ಹುಡುಕ್ತಾ ಕೂತ್ರು, ಸಿನಿಮಾ ನೋಡಿದ್ರೆ ಸುಮಾರು 25 ನಿಮಿಷ ಹೀರೋಯಿನ್ನೇ ಬರಲ್ಲ. ಅಲ್ಲೀವರೆಗೆ ಬರೀ ಪಾಸ್‌ಪೋರ್ಟು, ವೀಸಾ, ಕಳ್ಳ ವ್ಯಾಪಾರ, ಪೊಲೀಸು, ಜೂಜು. ಅದೇ ಸಿನಿಮಾದ ಹೊಟ್ಟೆ ಮೇಡಂ, ಲವ್ ಸ್ಟೋರಿ ಅದರೊಳಗೆ ಇರೋದು. ಆ ಅರ್ಧ ಗಂಟೆ ತಲೆಗೆ ಹೋಗದಿದ್ರೆ ಇಬ್ಬರು ಚೆಂದದವರು ಮಂಜಲ್ಲಿ ನಿಂತ್ಕೊಂಡು ಟಾಟಾ ಹೇಳೋದಷ್ಟೇ ಉಳಿಯೋದು, ಅದಕ್ಕೆ ಯಾರಾದ್ರೂ ನಗ್ತಾರೆ.

ನೋಡದೇ ಇರೋ ಓದುಗರಿಗೆ ಕಥೆ ಚುಟುಕಾಗಿ ಹೇಳ್ಬಿಡ್ತೀನಿ. 1941ರ ಡಿಸೆಂಬರ್, ಮೊರಾಕ್ಕೋದ ಕಾಸಾಬ್ಲಾಂಕಾ ಊರು, ಫ್ರಾನ್ಸಿನ ಕೈಯಲ್ಲಿದೆ, ಆದ್ರೆ ಆ ಫ್ರೆಂಚ್ ಸರ್ಕಾರ ಹಿಟ್ಲರ್‌ಗೆ ತಲೆಬಾಗಿರೋ ವಿಶಿ ಸರ್ಕಾರ. ಯುರೋಪಿಂದ ತಪ್ಪಿಸ್ಕೊಂಡು ಬಂದ ನಿರಾಶ್ರಿತರು ಲಿಸ್ಬನ್‌ಗೆ ಹೋಗಿ ಅಲ್ಲಿಂದ ಅಮೆರಿಕಾ ಸೇರೋಕೆ ಕಾಯ್ತಾ ಕೂತಿದಾರೆ. ಅಲ್ಲೊಂದು ಕೆಫೆ, ಓನರ್ ರಿಕ್ ಅನ್ನೋ ಅಮೆರಿಕನ್, ಯಾರ ಉಸಾಬರಿಯೂ ನನಗೆ ಬೇಡ ಅನ್ನೋ ಮನುಷ್ಯ. ಅವನ ಕೈಗೆ ಎರಡು ಟ್ರಾನ್ಸಿಟ್ ಲೆಟರ್ ಸಿಗುತ್ತೆ, ಅದಿದ್ದವರು ಆರಾಮಾಗಿ ಫ್ಲೈಟ್ ಹತ್ತಬಹುದು. ಅದೇ ಹೊತ್ತಿಗೆ ಪ್ಯಾರಿಸ್‌ನಲ್ಲಿ ಅವನನ್ನ ಬಿಟ್ಟುಹೋಗಿದ್ದ ಇಲ್ಸಾ, ಗಂಡ ಲಾಸ್ಲೊ ಜೊತೆ ಆ ಕೆಫೆಗೇ ಬರ್ತಾಳೆ. ಲಾಸ್ಲೊ ನಾಜಿಗಳ ವಿರುದ್ಧ ಹೋರಾಡ್ತಿರೋ ದೊಡ್ಡ ಲೀಡರ್. ಲೆಟರ್ ಎರಡೇ, ಜನ ಮೂವರು.

ಈಗ ಹಿಸ್ಟರಿ ಸರ್ ಹೇಳಿದ್ದಕ್ಕೆ ಬರೋಣ.

ಕ್ಲೈಮ್ಯಾಕ್ಸ್ ಯಾರಿಗೂ ಗೊತ್ತಿರಲಿಲ್ಲ ಅನ್ನೋದು ಅರ್ಧ ನಿಜ. ಆ ಅರ್ಧ ಎಲ್ಲಿಂದ ಬಂತು ಅಂದ್ರೆ, 1942ರ ಮೇ ತಿಂಗಳ ಕೊನೇಲಿ ಶೂಟಿಂಗ್ ಶುರುವಾದಾಗ ಸ್ಕ್ರಿಪ್ಟ್ ಪೂರ್ತಿ ರೆಡಿ ಇರಲಿಲ್ಲ. ಎಪ್‌ಸ್ಟೀನ್ ಅನ್ನೋ ಅವಳಿ ಅಣ್ಣತಮ್ಮಂದಿರು, ಹಾವರ್ಡ್ ಕೋಕ್, ಹೆಸರು ಹಾಕಿಸ್ಕೊಳ್ಳದ ಇನ್ನೂ ಕೆಲವರು ಬರೀತಾನೇ ಇದ್ರು, ಸೆಟ್ಟಿಗೆ ಹೊಸ ಹಾಳೆಗಳು ಬರ್ತಾನೇ ಇದ್ವು, ಅದಕ್ಕೇ ಮಾಮೂಲಿ ಪದ್ಧತಿ ಬಿಟ್ಟು ಹೆಚ್ಚುಕಮ್ಮಿ ಕಥೆಯ ಆರ್ಡರಲ್ಲೇ ಶೂಟ್ ಮಾಡಿದ್ರು. ಇಂಗ್ರಿಡ್ ಬರ್ಗ್‌ಮನ್, ಅಂದ್ರೆ ಇಲ್ಸಾ ಪಾತ್ರ ಮಾಡಿದವರು, ನಾನು ಇಬ್ಬರಲ್ಲಿ ಯಾರನ್ನ ಪ್ರೀತಿಸ್ತಿದೀನಿ ಹೇಳಿ ಅಂತ ಡೈರೆಕ್ಟರನ್ನ ಕೇಳಿದ್ದಕ್ಕೆ ‘ಸದ್ಯಕ್ಕೆ ಮಧ್ಯದಲ್ಲಿ ಎಲ್ಲೋ ಇಟ್ಕೊಂಡು ಮಾಡಿ’ ಅನ್ನೋ ಅರ್ಥದ ಉತ್ತರ ಬಂತಂತೆ, ಅವರೇ ಆಮೇಲೆ ಹೇಳ್ಕೊಂಡಿದಾರೆ.

ಇನ್ನರ್ಧ ಸುಳ್ಳು. ಈ ಸಿನಿಮಾಗೆ ಮೂಲ ಒಂದು ನಾಟಕ, ಸ್ಟೇಜೇ ಹತ್ತದ ನಾಟಕ, ಮರ್ರಿ ಬರ್ನೆಟ್ ಮತ್ತೆ ಜೋನ್ ಆಲಿಸನ್ ಬರೆದಿದ್ದು, ವಾರ್ನರ್ ಬ್ರದರ್ಸ್ 20,000 ಡಾಲರ್ ಕೊಟ್ಟು ಕೊಂಡ್ಕೊಂಡಿದ್ದು. ಆ ನಾಟಕದಲ್ಲೇ ರಿಕ್ ಅವಳನ್ನ ಗಂಡನ ಜೊತೆ ಕಳಿಸಿಬಿಡ್ತಾನೆ. ಮೇಲಾಗಿ ಆವಾಗ ಹಾಲಿವುಡ್‌ನಲ್ಲಿ ಪ್ರೊಡಕ್ಷನ್ ಕೋಡ್ ಅಂತ ಒಂದು ಸೆನ್ಸಾರ್ ನಿಯಮ ಇತ್ತು, ಮದುವೆಯಾದ ಹೆಣ್ಣು ಗಂಡನ್ನ ಬಿಟ್ಟು ಪ್ರಿಯಕರನ ಜೊತೆ ಹೋಗಿ ಸುಖವಾಗಿದ್ಲು ಅಂತ ತೋರಿಸೋಕೆ ಅದು ಬಿಡ್ತಿರಲಿಲ್ಲ. ಹಾಗಾಗಿ ಯಾರ ಜೊತೆ ಹೋಗ್ತಾಳೆ ಅನ್ನೋದರಲ್ಲಿ ಸ್ಟುಡಿಯೋಗೆ ದೊಡ್ಡ ಆಯ್ಕೆ ಇರಲೇ ಇಲ್ಲ, ತಲೆ ಕೆಡಿಸ್ಕೊಂಡಿದ್ದು ಹೇಗೆ ಹೋಗ್ತಾಳೆ, ಜನಕ್ಕೆ ಯಾವ ಕಾರಣ ಹೇಳಿ ನಂಬಿಸೋದು ಅನ್ನೋದಕ್ಕೆ. ಕೊನೇ ದಿನದವರೆಗೂ ಒದ್ದಾಡಿದ್ದು ಆ ‘ಹೇಗೆ’ಗೆ. ಕೊನೇಲಿ ರಿಕ್, ಆ ಊರಿನ ಫ್ರೆಂಚ್ ಪೊಲೀಸ್ ಅಧಿಕಾರಿ ಕ್ಯಾಪ್ಟನ್ ರೆನೋಗೆ ಹೇಳ್ತಾನಲ್ಲ, ಒಂದು ಒಳ್ಳೆ ಸ್ನೇಹ ಇಲ್ಲಿಂದ ಶುರು ಅಂತ, ಆ ಡೈಲಾಗಂತೂ ಶೂಟಿಂಗ್ ಮುಗಿದ ಮೇಲೆ ಹುಟ್ಟಿದ್ದು. ಪ್ರೊಡ್ಯೂಸರ್ ಹಾಲ್ ವಾಲಿಸ್ ಬರೆದು, ರಿಕ್ ಪಾತ್ರ ಮಾಡಿದ ಬೊಗಾರ್ಟ್‌ನ ವಾಪಸ್ ಕರೆಸಿ ಡಬ್ ಮಾಡಿಸಿದ್ರು. ಮುಂದಿನ ಸಲ ಗಮನಿಸಿ, ಇಬ್ಬರೂ ಕ್ಯಾಮೆರಾಗೆ ಬೆನ್ನು ಹಾಕಿ ಮಂಜೊಳಗೆ ನಡ್ಕೊಂಡು ಹೋಗ್ತಿರ್ತಾರೆ, ಬಾಯಿ ಕಾಣಲ್ಲ, ಏನು ಬೇಕಾದ್ರೂ ಹೇಳಿಸಬಹುದಿತ್ತು.

ರೇಗನ್ ವಿಷಯ ಬಿಡಿ, ಅದು ಸ್ಟುಡಿಯೋ ಪಬ್ಲಿಸಿಟಿಯವರ ಕೆಲಸ. 1942ರ ಜನವರಿಯಲ್ಲಿ ಪೇಪರ್‌ಗೆ ಒಂದು ಸುದ್ದಿ ಕೊಟ್ಟಿದ್ರು, ನಮ್ಮ ನಟರ ಹೆಸರು ಸುದ್ದೀಲಿ ಇರಲಿ ಅಂತ. ರೇಗನ್‌ನ ಸೀರಿಯಸ್ಸಾಗಿ ಯಾರೂ ಯೋಚನೆ ಮಾಡಿರಲಿಲ್ಲ, ಅವರು ಆರ್ಮಿಗೆ ಹೋಗೋದಿತ್ತು. ಹಾಗೇ ‘ಪ್ಲೇ ಇಟ್ ಅಗೇನ್, ಸ್ಯಾಮ್’ ಅನ್ನೋ ಡೈಲಾಗ್ ಈ ಸಿನಿಮಾದ್ದು ಅಂತ ಯಾರಾದ್ರೂ ಹೇಳಿದ್ರೆ ಚಾಲೆಂಜ್ ಮಾಡಿ, ಆ ಮಾತು ಆ ಸಿನಿಮಾದಲ್ಲಿ ಎಲ್ಲೂ ಇಲ್ಲ.

ಇನ್ನು ಇಬ್ಬರ ನಿಜ ಜೀವನದ ಲವ್ವು. ಅದೂ ಇಲ್ಲ. ಹಂಫ್ರಿ ಬೊಗಾರ್ಟ್ ಮತ್ತೆ ಬರ್ಗ್‌ಮನ್ ಸೆಟ್ಟಲ್ಲಿ ಕೆಲಸಕ್ಕೆ ಬೇಕಾದಷ್ಟು ಬಿಟ್ರೆ ಹೆಚ್ಚು ಮಾತೇ ಆಡ್ತಿರಲಿಲ್ಲ. ಅವನಿಗೆ ಮುತ್ತು ಕೊಟ್ಟೆ, ಆದ್ರೆ ಅವನು ಯಾರು ಅಂತ ನನಗೆ ಗೊತ್ತೇ ಆಗಲಿಲ್ಲ ಅನ್ನೋ ಥರ ಬರ್ಗ್‌ಮನ್ ಆಮೇಲೆ ಹೇಳಿದಾರೆ. ಬೊಗಾರ್ಟ್ ಆವಾಗಿನ ಹೆಂಡತಿ ಮೇಯೊ ಮೆಥಾಟ್‌ಗೆ ಮಾತ್ರ ಭಾರೀ ಡೌಟು, ಮನೇಲಿ ದಿನಾ ಜಗಳ ಅಂತೆ. ಬೊಗಾರ್ಟ್ ನಿಜವಾಗ್ಲೂ ಸೆಟ್ಟಲ್ಲಿ ಪ್ರೀತಿಗೆ ಬಿದ್ದಿದ್ದು ಎರಡು ವರ್ಷ ಬಿಟ್ಟು ಬೇರೆ ಸಿನಿಮಾದಲ್ಲಿ, ಲಾರೆನ್ ಬಕಾಲ್ ಜೊತೆ, 1945ರಲ್ಲಿ ಮದುವೆಯೂ ಆಯ್ತು. ಬರ್ಗ್‌ಮನ್ ಮನಸ್ಸಂತೂ ಆವಾಗ ‘ಫಾರ್ ಹೂಮ್ ದ ಬೆಲ್ ಟೋಲ್ಸ್’ ಸಿನಿಮಾದ ಮೇಲಿತ್ತು, ಆ ರೋಲ್ ಸಿಗುತ್ತಾ ಇಲ್ವಾ ಅಂತ ಕಾಯ್ತಾ ಇದನ್ನ ಮಾಡಿ ಮುಗಿಸಿದ್ರು. ಇದು ತಮ್ಮ ದೊಡ್ಡ ಸಿನಿಮಾ ಆಗುತ್ತೆ ಅಂತ ಅವರೂ ಅಂದ್ಕೊಂಡಿರಲಿಲ್ಲ.

ಮತ್ತೆ ಆ ಕೆಮಿಸ್ಟ್ರಿ ಎಲ್ಲಿಂದ ಬಂತು? ಇದನ್ನ ಮಕ್ಕಳಿಗೆ ಬಿಡಿಸಿ ತೋರಿಸೋಕೆ ಒಂದು ಸೀನ್ ಸಾಕು. ಇಲ್ಸಾ ಮೊದಲ ಸಲ ಕೆಫೆಗೆ ಬಂದು ಪಿಯಾನೊ ನುಡಿಸೋ ಸ್ಯಾಮ್‌ನ ಹತ್ರ ಕರೆದು ಹಳೇ ಹಾಡು ನುಡಿಸು ಅಂತಾಳೆ. ಅವನು ಮರೆತೋಗಿದೆ ಅಂತ ತಪ್ಪಿಸ್ಕೊಳ್ಳೋಕೆ ನೋಡ್ತಾನೆ. ಅವಳು ಮೆಲ್ಲಗೆ ಗುನುಗಿ ಶುರು ಮಾಡ್ತಾಳೆ. ಅವನು ಹಾಡೋಕೆ ಶುರು ಮಾಡಿದ ಮೇಲೆ ಕ್ಯಾಮೆರಾ ಅವಳ ಮುಖದ ಮೇಲೆ ನಿಂತುಬಿಡುತ್ತೆ, ಅಲ್ಲಾಡಲ್ಲ. ಅವಳೂ ಏನೂ ಮಾಡಲ್ಲ ಗಮನಿಸಿ, ಅಳಲ್ಲ, ನಿಟ್ಟುಸಿರು ಬಿಡಲ್ಲ, ಹುಬ್ಬು ಕೂಡ ಕದಲಲ್ಲ. ಕ್ಯಾಮೆರಾಮನ್ ಆರ್ಥರ್ ಎಡೀಸನ್ ಅವಳ ಮುಖದ ಎಡಭಾಗದಿಂದ, ಮೆತ್ತಗಿನ ಲೈಟಲ್ಲಿ, ಕಣ್ಣಲ್ಲಿ ಒಂದು ಚುಕ್ಕಿ ಬೆಳಕು ಹೊಳೆಯೋ ಹಾಗೆ ಇಟ್ಟಿದಾರೆ ಅಷ್ಟೇ, ಆ ಹೊಳಪೇ ಕಣ್ಣೀರು ತುಂಬ್ಕೊಂಡ ಹಾಗೆ ಕಾಣೋದು. ನೋಡೋರಾದ ನಾವು ಅವಳ ಮನಸ್ಸಲ್ಲಿ ಏನಿದೆ ಅಂತ ನಾವೇ ತುಂಬ್ಕೊಳ್ತೀವಿ. ಅಷ್ಟರಲ್ಲಿ ರಿಕ್ ಸಿಟ್ಟಲ್ಲಿ ನುಗ್ತಾನೆ, ಈ ಹಾಡು ನುಡಿಸಬೇಡ ಅಂದಿರಲಿಲ್ವಾ ಅಂತ, ಸ್ಯಾಮ್ ಕಣ್ಣಲ್ಲೇ ಪಕ್ಕಕ್ಕೆ ಸನ್ನೆ ಮಾಡ್ತಾನೆ, ರಿಕ್ ತಿರುಗ್ತಾನೆ. ಇಬ್ಬರೂ ಒಂದೂ ಮಾತಾಡಿಲ್ಲ, ಇಡೀ ಹಿಂದಿನ ಕಥೆ ಬಂದುಹೋಯ್ತು. ಇಲ್ಲಿ ಕೆಲಸ ಮಾಡಿದ್ದು ಎಡಿಟಿಂಗು, ಲೈಟು, ಹಾಡು, ಮತ್ತೆ ‘ಯಾರನ್ನ ಪ್ರೀತಿಸ್ತೀನೋ ಗೊತ್ತಿಲ್ಲ’ ಅನ್ನೋ ಸ್ಥಿತೀಲಿ ನಿಜವಾಗ್ಲೂ ಇದ್ದ ಒಬ್ಬ ನಟಿ. ಆ ಗೊಂದಲ ಪಾತ್ರಕ್ಕೆ ಹೊಂದಿಬಿಡ್ತು, ಯಾಕಂದ್ರೆ ಇಲ್ಸಾಗೂ ಅದೇ ಗೊಂದಲ.

ಹಾಡಿನ ಬಗ್ಗೆ ಒಂದು ತಮಾಷೆ ಇದೆ. ‘ಆಸ್ ಟೈಮ್ ಗೋಸ್ ಬೈ’ ಈ ಸಿನಿಮಾಗೆ ಬರೆದ ಹಾಡಲ್ಲ, 1931ರಲ್ಲಿ ಹರ್ಮನ್ ಹಪ್‌ಫೆಲ್ಡ್ ಒಂದು ಬ್ರಾಡ್‌ವೇ ಶೋಗೆ ಮಾಡಿದ್ದು. ಮ್ಯೂಸಿಕ್ ಡೈರೆಕ್ಟರ್ ಮ್ಯಾಕ್ಸ್ ಸ್ಟೈನರ್‌ಗೆ ಇದು ಇಷ್ಟ ಇರಲಿಲ್ಲ, ತಾನೇ ಹೊಸದು ಮಾಡ್ತೀನಿ ಅಂದ್ರು. ಹಾಗೆ ಮಾಡಬೇಕಂದ್ರೆ ಬರ್ಗ್‌ಮನ್ ಸೀನ್‌ಗಳನ್ನ ಮತ್ತೆ ತೆಗೀಬೇಕಿತ್ತು, ಅವರು ಅಷ್ಟೊತ್ತಿಗೆ ಕಾಯ್ತಿದ್ದ ರೋಲ್ ಸಿಕ್ಕಿ ಕೂದಲು ಗಿಡ್ಡ ಮಾಡಿಸ್ಕೊಂಡು ಹೋಗಿಯಾಗಿತ್ತು. ಹಾಡು ಉಳೀತು. ಸ್ಯಾಮ್ ಪಾತ್ರದ ಡೂಲಿ ವಿಲ್ಸನ್ ಅಸಲಿಗೆ ಡ್ರಮ್ಮರ್, ಪಿಯಾನೊ ಬರ್ತಿರಲಿಲ್ಲ, ಕ್ಯಾಮೆರಾ ಹಿಂದೆ ಎಲಿಯಟ್ ಕಾರ್ಪೆಂಟರ್ ಅನ್ನೋರು ನುಡಿಸ್ತಿದ್ರು, ಇವರು ಕೈ ಆಡಿಸ್ತಿದ್ರು. ಸಂಗೀತ ಕಲಿಯೋ ಮಕ್ಕಳಿದ್ರೆ ಕೈ ನೋಡಿದ ಕೂಡ್ಲೇ ಕಂಡುಹಿಡೀತಾರೆ.

‘ಅಂಕಲ್ ಥರ ಇದಾನೆ’ ಅನ್ನೋದಕ್ಕೆ ಉತ್ತರ: ಹೌದು, ಇದಾನೆ. ಶೂಟಿಂಗ್ ಟೈಮಲ್ಲಿ ಬೊಗಾರ್ಟ್‌ಗೆ 42, ಬರ್ಗ್‌ಮನ್‌ಗೆ 26. ಬರ್ಗ್‌ಮನ್ ಬೊಗಾರ್ಟ್‌ಗಿಂತ ಒಂದಿಷ್ಟು ಎತ್ತರ ಬೇರೆ, ಅದಕ್ಕೇ ಬೊಗಾರ್ಟ್ ಶೂ ಕೆಳಗೆ ದಪ್ಪ ಅಟ್ಟೆ ಕಟ್ಕೊಂಡು, ಸೋಫಾ ಮೇಲೆ ದಿಂಬು ಹಾಕ್ಕೊಂಡು ಕೂತು ಮ್ಯಾನೇಜ್ ಮಾಡಿದ್ದು. (ಐವತ್ತು ದಾಟಿದ ಹೀರೋಗಳು ಇಪ್ಪತ್ತರ ಹುಡುಗಿ ಹಿಂದೆ ಕಾಲೇಜ್ ಕಾರಿಡಾರಲ್ಲಿ ಓಡೋದನ್ನ ನೋಡ್ಕೊಂಡೇ ಬೆಳೆದ ನಮ್ಮ ಹುಡುಗ್ರಿಗೆ ಇದು ಯಾಕೆ ಕಣ್ಣಿಗೆ ಹೊಡೀತೋ, ಅದನ್ನೂ ಒಂದು ಸಲ ಕ್ಲಾಸಲ್ಲಿ ಕೇಳಿ.) ಆದ್ರೆ ಇಲ್ಲಿ ಆ ವಯಸ್ಸೇ ಪಾತ್ರ. 1930ರ ದಶಕ ಪೂರ್ತಿ ಬೊಗಾರ್ಟ್ ಮಾಡಿದ್ದು ಹೆಚ್ಚಾಗಿ ಗ್ಯಾಂಗ್‌ಸ್ಟರ್ ಪಾತ್ರಗಳು, ಕೊನೇಲಿ ಗುಂಡು ತಿಂದು ಸಾಯೋ ಕೇಡಿ. 1941ರಲ್ಲಿ ‘ದ ಮಾಲ್ಟೀಸ್ ಫಾಲ್ಕನ್’ ಬಂದ್ಮೇಲೆ ಹೀರೋ ಅಂತ ಎಣಿಸೋಕೆ ಶುರು ಮಾಡಿದ್ರು. ಪ್ರೀತಿಸೋ ಹೀರೋ ಆಗಿ ಅವರನ್ನ ಜನ ನೋಡಿದ್ದೇ ಇದರಲ್ಲಿ. ಆವಾಗಿನ ಪ್ರೇಕ್ಷಕರಿಗೆ ಇವನು ಯಾವ ಕ್ಷಣಕ್ಕೂ ತಿರುಗಿ ಬೀಳಬಹುದು, ಲೆಟರ್ ಇಟ್ಕೊಂಡು ಗಂಡನ್ನ ಪೊಲೀಸಿಗೆ ಹಿಡಿಸಿಕೊಡಬಹುದು ಅನ್ನೋ ಭಯ ನಿಜವಾಗ್ಲೂ ಇತ್ತು. ಆ ಹಿನ್ನೆಲೆ ಇಲ್ಲದ ನಮ್ಮ ಮಕ್ಕಳಿಗೆ ಆ ಭಯ ಹುಟ್ಟಲ್ಲ, ಸುಂದರವಾಗಿಲ್ಲದ ಒಬ್ಬ ನಡುವಯಸ್ಸಿನವನು ಮಾತ್ರ ಕಾಣ್ತಾನೆ.

ನನ್ನ ಅಭಿಪ್ರಾಯ ಕೇಳಿದ್ರೆ ಬೊಗಾರ್ಟ್ ಇದರಲ್ಲಿ ಸೂಪರ್, ಅದರಲ್ಲೂ ರಾತ್ರಿ ಕೆಫೆ ಖಾಲಿಯಾದ ಮೇಲೆ ಕುಡೀತಾ ಕೂತ ಸೀನಲ್ಲಿ. ಪಾಲ್ ಹೆನ್ರೀಡ್ ಮಾಡಿದ ಲಾಸ್ಲೊ ಮಾತ್ರ ನನಗೆ ಯಾವತ್ತೂ ಪೂರ್ತಿ ಒಪ್ಪಿಗೆಯಾಗಿಲ್ಲ. ಕಾನ್ಸನ್‌ಟ್ರೇಶನ್ ಕ್ಯಾಂಪಿಂದ ತಪ್ಪಿಸ್ಕೊಂಡು ಬಂದವನ ಸೂಟ್ ಇಸ್ತ್ರಿ ಕೆಡಲ್ಲ. ಅವನ ಪಾತ್ರ ಅಷ್ಟು ಸೊಪ್ಪೆಯಾದ್ರಿಂದ ಇಲ್ಸಾಗೆ ಗಂಡನ ಮೇಲಿರೋದು ಪ್ರೀತಿಯೋ ಗೌರವವೋ ಅನ್ನೋ ತಕ್ಕಡಿ ಒಂದು ಕಡೆಗೇ ವಾಲುತ್ತೆ. ನಿಜವಾಗ್ಲೂ ಸಿನಿಮಾ ಕದಿಯೋದು ಕ್ಲಾಡ್ ರೇನ್ಸ್, ಆ ಲಂಚಕೋರ ಕ್ಯಾಪ್ಟನ್ ರೆನೋ. ಕೆಫೇಲಿ ಜೂಜಾಡ್ತಾರೆ ಅಂತ ಕೇಳಿ ಶಾಕ್ ಆಯ್ತು ಅಂತ ಹೇಳಿ ಬಾಗಿಲು ಹಾಕಿಸ್ತಾನೆ, ಅದೇ ಕ್ಷಣಕ್ಕೆ ಕೆಲಸದವನು ಬಂದು ನಿಮ್ಮ ಗೆದ್ದ ದುಡ್ಡು ಸರ್ ಅಂತ ಕೈಗೆ ಕೊಡ್ತಾನೆ. ಇದಕ್ಕೆ ಸಬ್‌ಟೈಟಲ್ಲೂ ಬೇಡ, ನಮ್ಮೂರಲ್ಲಿ ಯಾರಿಗೂ ಅರ್ಥ ಮಾಡಿಸಬೇಕಾಗಿಲ್ಲ.

ಆ ಹುಡುಗಿ ಕೇಳಿದ ಪ್ರಶ್ನೆ, ಇವಳಿಗೆ ಸ್ವಂತ ಬುದ್ಧಿ ಇಲ್ವಾ ಅನ್ನೋದು. ಇದನ್ನ ನಕ್ಕು ತಳ್ಳಿಹಾಕಬೇಡಿ ಮೇಡಂ, ಅವಳು ಸರಿಯಾದ ಜಾಗಕ್ಕೇ ಕೈ ಇಟ್ಟಿದಾಳೆ. ಆ ಡೈಲಾಗ್ ಇವತ್ತಿಗೆ ಕಿವಿಗೆ ಚುಚ್ಚುತ್ತೆ, 1942ರಲ್ಲೂ ಚುಚ್ಚಿದವರು ಇದ್ದಿರಬಹುದು. ಅವಳ ಬದುಕಿನ ತೀರ್ಮಾನ ಇಬ್ಬರು ಗಂಡಸರು ಮಾಡ್ತಾರೆ, ಗಂಡ ಕೂಡ ಹಿಂದಿನ ರಾತ್ರಿ ರಿಕ್ ಹತ್ರ ಬಂದು ನೀನೇ ಅವಳನ್ನ ಕರ್ಕೊಂಡು ಹೋಗು ಅಂತಾನೆ, ಅವಳನ್ನ ಕೇಳೋರಿಲ್ಲ. ಇದನ್ನ ಮುಚ್ಚಿಡೋದು ಬೇಡ. ಹಾಗೇ ಇಲ್ಸಾ ಸ್ಯಾಮ್ ಬಗ್ಗೆ ಕೇಳುವಾಗ ಪಿಯಾನೊ ನುಡಿಸ್ತಿರೋ ಆ ‘ಬಾಯ್’ ಯಾರು ಅಂತಾಳೆ, ಐವತ್ತರ ಆಸುಪಾಸಿನ ಕಪ್ಪು ಮನುಷ್ಯನಿಗೆ. ಅದನ್ನೂ ಯಾರಾದ್ರೂ ಎತ್ತಿದ್ರೆ ಒಪ್ಕೊಳ್ಳಿ, ಆ ಕಾಲದ ಅಮೆರಿಕಾ ಅದು.

ಆದ್ರೆ ಅದೇ ಸೀನನ್ನ ಸ್ವಲ್ಪ ಹಿಂದಿನಿಂದ ನೋಡೋಕೆ ಹೇಳಿ. ಇಲ್ಸಾ ರಿಕ್ ರೂಮಿಗೆ ಬಂದಿದ್ದು ಪಿಸ್ತೂಲ್ ಹಿಡ್ಕೊಂಡು. ಮೊದಲು ಕೇಳ್ತಾಳೆ, ಬೇಡ್ತಾಳೆ, ಬೈತಾಳೆ, ಕೊನೇಗೆ ಲೆಟರ್ ಕೊಡು ಇಲ್ಲಾಂದ್ರೆ ಸುಡ್ತೀನಿ ಅಂತಾಳೆ, ಆಗಲ್ಲ, ಕುಸೀತಾಳೆ. ಪ್ಯಾರಿಸ್‌ನಲ್ಲಿ ಬಿಟ್ಟುಹೋಗಿದ್ದು ಯಾಕೆ ಅಂತ ಅವನಿಗೆ ಗೊತ್ತಾಗೋದು ಅಲ್ಲೇ: ಸತ್ತೇಹೋದ ಅಂದ್ಕೊಂಡಿದ್ದ ಗಂಡ ಬದುಕಿದಾನೆ, ಕಾಯಿಲೆ ಬಿದ್ದು ಅಡಗಿ ಕೂತಿದಾನೆ ಅಂತ ಹೊರಡೋ ಹೊತ್ತಿಗೆ ಸುದ್ದಿ ಬಂದಿತ್ತು. ಯಾರಿಗೂ ಹೇಳದೆ ಆ ತೀರ್ಮಾನ ತಗೊಂಡಿದ್ದು ಅವಳೇ. ಈ ಸಲ ಇನ್ನೊಂದು ಅಂಥದ್ದು ತಗೊಳ್ಳೋ ಶಕ್ತಿ ನನಗಿಲ್ಲ ಅಂತಿರೋದು. ದಣಿದವಳ ಮಾತು ಅಂತ ಕೇಳಿದ್ರೆ ಬೇರೆ ಕೇಳಿಸುತ್ತೆ. ಹಾಗೆ ಕೇಳಿದ ಮೇಲೂ ಆ ಹುಡುಗಿಗೆ ಒಪ್ಪಿಗೆ ಆಗದಿದ್ರೆ, ಬಿಡಿ, ಅದು ಅವಳ ಹಕ್ಕು.

ಆ ರೂಮಲ್ಲಿ ಮುಂದೇನಾಯ್ತು ಅನ್ನೋದನ್ನೂ ಯಾರಾದ್ರೂ ಕೇಳೇ ಕೇಳ್ತಾರೆ. ಮುತ್ತು, ಆಮೇಲೆ ಏರ್‌ಪೋರ್ಟಿನ ಟವರ್, ತಿರುಗೋ ಲೈಟು, ಆಮೇಲೆ ರಿಕ್ ಕಿಟಕಿ ಹತ್ರ ಸಿಗರೇಟ್ ಸೇದ್ತಾ ನಿಂತಿರ್ತಾನೆ. ಮಧ್ಯ ಎಷ್ಟು ಹೊತ್ತು ಹೋಯ್ತು ಅಂತ ಸಿನಿಮಾ ಹೇಳಲ್ಲ. ನಮ್ಮ ಹಳೇ ಸಿನಿಮಾಗಳಲ್ಲಿ ಎರಡು ಹೂವು ಒಂದಕ್ಕೊಂದು ತಾಗಿಸ್ತಿದ್ರಲ್ಲ, ಅಲ್ಲಿ ಟವರ್ ಲೈಟು. ಸೆನ್ಸಾರಿನವರು ಏನೂ ಆಗಿಲ್ಲ ಅಂತ ಓದ್ಕೋಬಹುದು, ಮಿಕ್ಕವರು ಬೇಕಾದ ಹಾಗೆ.

ಪ್ರಚಾರದ ಸಿನಿಮಾನಾ? ಹಿಸ್ಟರಿ ಸರ್ ಈ ಒಂದು ಮಾತಲ್ಲಿ ತಪ್ಪಿಲ್ಲ, ‘ಬರೀ’ ಅನ್ನೋದನ್ನ ತೆಗೆದ್ರೆ. ಅಮೆರಿಕಾನ ಯುದ್ಧಕ್ಕೆ ಎಳೆದ ಪರ್ಲ್ ಹಾರ್ಬರ್ ಮೇಲಿನ ಜಪಾನ್ ದಾಳಿ ಆಗಿದ್ದು 1941ರ ಡಿಸೆಂಬರ್ 7. ಅದಾದ ಕೆಲವೇ ದಿನದಲ್ಲಿ ಈ ನಾಟಕ ವಾರ್ನರ್ ಆಫೀಸಿನ ಟೇಬಲ್ ಮೇಲಿತ್ತು. ಕಥೆ ನಡೆಯೋದೂ ಅದೇ ಡಿಸೆಂಬರ್ ತಿಂಗಳ ಮೊದಲ ದಿನಗಳಲ್ಲಿ. ಯಾರ ಉಸಾಬರಿಯೂ ಬೇಡ ಅಂತಿದ್ದ ಅಮೆರಿಕನ್ ಒಬ್ಬ ಕೊನೇಗೆ ಹೋರಾಟಕ್ಕೆ ಇಳೀತಾನೆ ಅಂದ್ರೆ ಆವಾಗಿನ ಪ್ರೇಕ್ಷಕರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಕುಡ್ಕೊಂಡು ಕೂತ ರಿಕ್, ಈಗ ನ್ಯೂಯಾರ್ಕಲ್ಲಿ ಎಲ್ಲಾ ಮಲಗಿರ್ತಾರೆ, ಇಡೀ ಅಮೆರಿಕಾನೇ ಮಲಗಿರುತ್ತೆ ಅಂತಾನಲ್ಲ, ಅದು ನೇರವಾಗಿ ಹೊಡೆದ ಮಾತು. ಕೊನೇಲಿ ರೆನೋ ಬಾಟಲ್ ಮೇಲೆ ‘ವಿಶಿ’ ನೀರು ಅಂತ ಲೇಬಲ್ ನೋಡಿ ಕಸದ ಬುಟ್ಟಿಗೆ ಹಾಕಿ ಒದೀತಾನೆ, ಇನ್ನೇನು ಬೇಕು. 1942ರ ನವೆಂಬರ್ 8ಕ್ಕೆ ಮಿತ್ರಪಡೆಗಳು ನಿಜವಾಗ್ಲೂ ಉತ್ತರ ಆಫ್ರಿಕಾದಲ್ಲಿ ಇಳಿದ್ವು, ಕಾಸಾಬ್ಲಾಂಕಾ ಪೇಪರ್‌ಗಳ ಹೆಡ್‌ಲೈನ್ ಆಯ್ತು, ಸ್ಟುಡಿಯೋ ಸಿಕ್ಕಿದ್ದೇ ಚಾನ್ಸು ಅಂತ ನವೆಂಬರ್ 26ಕ್ಕೆ ನ್ಯೂಯಾರ್ಕಲ್ಲಿ ಪ್ರೀಮಿಯರ್ ಮಾಡಿಬಿಡ್ತು. ಬೆಸ್ಟ್ ಪಿಕ್ಚರ್, ಡೈರೆಕ್ಷನ್, ಸ್ಕ್ರೀನ್‌ಪ್ಲೇ ಮೂರು ಆಸ್ಕರ್ ಬಂತು.

ಆದ್ರೆ ಪ್ರಚಾರದ ಸಿನಿಮಾಗಳು ಆ ವರ್ಷ ರಾಶಿ ಬಂದ್ವು, ಇದೇ ಯಾಕೆ ಉಳೀತು ಅಂತ ಕೇಳ್ಕೊಳ್ಳಿ. ನನ್ನ ಪ್ರಕಾರ ಉತ್ತರ ಪಕ್ಕದ ಪಾತ್ರಗಳಲ್ಲಿದೆ. ಟೈಟಲಲ್ಲಿ ಹೆಸರಿರೋ ನಟರಲ್ಲಿ ಅಮೆರಿಕಾದಲ್ಲಿ ಹುಟ್ಟಿದವರು ಮೂರೇ ಜನ: ಬೊಗಾರ್ಟ್, ಡೂಲಿ ವಿಲ್ಸನ್, ಬಲ್ಗೇರಿಯಾದಿಂದ ಗಂಡನ ಜೊತೆ ಓಡಿಬಂದ ಹುಡುಗಿ ಪಾತ್ರ ಮಾಡಿದ ಜಾಯ್ ಪೇಜ್. ಮಿಕ್ಕವರಲ್ಲಿ ಹಲವರು ನಾಜಿಗಳಿಂದ ಓಡಿಬಂದವರು. ನಾಜಿ ಮೇಜರ್ ಸ್ಟ್ರಾಸರ್ ಪಾತ್ರದ ಕಾನ್ರಾಡ್ ಫೈಟ್ ಜರ್ಮನಿಯ ದೊಡ್ಡ ಸ್ಟಾರ್, ಹೆಂಡತಿ ಯಹೂದಿ, ನಾಜಿಗಳನ್ನ ಕಂಡ್ರೆ ಆಗದೆ ದೇಶ ಬಿಟ್ಟವರು, ಇಲ್ಲಿ ಅವರದೇ ಯೂನಿಫಾರ್ಮ್ ಹಾಕ್ಬೇಕಾಯ್ತು. ಜೂಜಿನ ಟೇಬಲ್ ನಡೆಸೋ ಎಮಿಲ್ ಪಾತ್ರದ ಮಾರ್ಸೆಲ್ ದಾಲಿಯೊ ಫ್ರಾನ್ಸಲ್ಲಿ ಹೆಸರಾಂತ ನಟ. ನಾಜಿಗಳು ಅವರ ಮುಖವನ್ನೇ ಪೋಸ್ಟರ್‌ಗೆ ಹಾಕಿ ‘ಯಹೂದಿಯನ್ನ ಗುರುತಿಸೋದು ಹೀಗೆ’ ಅಂತ ಅಂಟಿಸಿದ್ರು, ಇಲ್ಲಿ ಅವರಿಗೆ ಸಿಕ್ಕಿದ್ದು ನಾಲ್ಕು ಡೈಲಾಗಿನ ರೋಲು. ರಿಕ್ ಬಿಟ್ಟ ಗೆಳತಿ ಇವಾನ್ ಪಾತ್ರದ ಮೆಡಲೀನ್ ಲೆಬೋ ಆವಾಗ ದಾಲಿಯೊ ಹೆಂಡತಿ. ಗಂಡ ಹೆಂಡತಿ 1940ರಲ್ಲಿ ಪ್ಯಾರಿಸ್ ಬಿಟ್ಟು ಲಿಸ್ಬನ್ ಮೂಲಕ ತಪ್ಪಿಸ್ಕೊಂಡವರು, ಅಂದ್ರೆ ಸಿನಿಮಾದವರೆಲ್ಲ ಸೇರೋಕೆ ಒದ್ದಾಡೋ ಆ ಲಿಸ್ಬನ್ ದಾರೀನೇ. ನಾಟಕ ಬರೆದ ಬರ್ನೆಟ್ ನಿಮ್ಮ ಥರ ಇಂಗ್ಲಿಷ್ ಮೇಷ್ಟ್ರು, 1938ರಲ್ಲಿ ಹೆಂಡತಿ ಜೊತೆ ವಿಯೆನ್ನಾಗೆ ಹೋಗಿ ಯಹೂದಿ ಸಂಬಂಧಿಕರ ಪಾಡು ಕಣ್ಣಾರೆ ನೋಡಿ ಬಂದು ಬರೆದಿದ್ದು. ಆ ಟ್ರಾನ್ಸಿಟ್ ಲೆಟರ್ ಮಾತ್ರ ಪೂರ್ತಿ ಕಲ್ಪನೆ, ಅಂಥ ಕಾಗದ ಎಲ್ಲೂ ಇರಲಿಲ್ಲ. ಹಿಸ್ಟರಿ ಸರ್ ಅದನ್ನ ಎತ್ತಿ ಹಿಡೀಲಿ ಬೇಕಿದ್ರೆ.

ಇಷ್ಟು ಗೊತ್ತಿಟ್ಕೊಂಡು ರಾಷ್ಟ್ರಗೀತೆ ಸೀನ್ ನೋಡಿ. ಜರ್ಮನ್ ಆಫೀಸರ್‌ಗಳು ಪಿಯಾನೊ ಸುತ್ತ ನಿಂತು ತಮ್ಮ ದೇಶಭಕ್ತಿ ಗೀತೆ ಹಾಡ್ತಿರ್ತಾರೆ. ಲಾಸ್ಲೊ ಮೆಟ್ಟಿಲಿಳಿದು ಬಂದು ಬ್ಯಾಂಡಿನವರಿಗೆ ಫ್ರೆಂಚ್ ರಾಷ್ಟ್ರಗೀತೆ ನುಡಿಸಿ ಅಂತಾನೆ. ಬ್ಯಾಂಡಿನವರು ಓನರ್ ಮುಖ ನೋಡ್ತಾರೆ. ರಿಕ್ ಸುಮ್ನೆ ತಲೆ ಅಲ್ಲಾಡಿಸ್ತಾನೆ, ಅಷ್ಟೇ, ಕಣ್ಣು ಮಿಟುಕಿಸಿದ್ರೆ ತಪ್ಪಿಹೋಗುತ್ತೆ. ಇಡೀ ಕೆಫೆ ಎದ್ದು ನಿಂತು ಹಾಡುತ್ತೆ, ಜರ್ಮನ್ನರ ದನಿ ಮುಳುಗಿಹೋಗುತ್ತೆ, ಲೆಬೋ ಮುಖದ ಮೇಲೆ ಕಣ್ಣೀರು. ಆ ಕಣ್ಣೀರಿಗೆ ಗ್ಲಿಸರಿನ್ ಬೇಕಾಗಿರಲಿಲ್ಲ. ಇಷ್ಟೆಲ್ಲದರ ನಡುವೆ ಇಲ್ಸಾ ಒಂದು ಮೂಲೇಲಿ ಕೂತು ಗಂಡನ್ನೇ ನೋಡ್ತಿರ್ತಾಳೆ. ನನಗನ್ಸುತ್ತೆ ಅವಳು ಯಾರ ಜೊತೆ ಹೋಗಬೇಕು ಅನ್ನೋದು ಏರ್‌ಪೋರ್ಟಲ್ಲಿ ತೀರ್ಮಾನ ಆಗಿದ್ದಲ್ಲ, ಇಲ್ಲೇ ಆಗಿದ್ದು, ರಿಕ್ ತಲೆ ಅಲ್ಲಾಡಿಸಿದಾಗ್ಲೇ ಅವನಿಗೂ ಅದು ಗೊತ್ತಾಗಿತ್ತು.

ರಾಜಕೀಯ ತೆಗೆದ್ರೆ ಲವ್ ಸ್ಟೋರಿ ಉಳಿಯುತ್ತಾ ಅನ್ನೋ ಪ್ರಯೋಗ ಒಂದು ಸಲ ಆಗಿಹೋಗಿದೆ. 1952ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ಇದನ್ನ ಬಿಡುಗಡೆ ಮಾಡಿದಾಗ ನಾಜಿ ಅನ್ನೋ ಸುಳಿವೇ ಇಲ್ಲದ ಹಾಗೆ ಕತ್ತರಿ ಹಾಕಿದ್ರು. ಮೇಜರ್ ಸ್ಟ್ರಾಸರ್ ಮಾಯ, ರಾಷ್ಟ್ರಗೀತೆ ಸೀನ್ ಮಾಯ, ಲಾಸ್ಲೊ ಡಬ್ಬಿಂಗಲ್ಲಿ ನಾರ್ವೆಯ ಅಣುವಿಜ್ಞಾನಿ ಆಗಿಬಿಟ್ಟ. ಸುಮಾರು 25 ನಿಮಿಷ ಹೋಯ್ತು. ಉಳಿದಿದ್ದು ಒಬ್ಬ ಸೈಂಟಿಸ್ಟ್, ಅವನ ಹೆಂಡತಿ, ಅವಳ ಹಳೇ ಲವರ್. ಪೂರ್ತಿ ಸಿನಿಮಾ ಅಲ್ಲಿನ ಜನ ನೋಡಿದ್ದು 1975ರಲ್ಲಿ, ಹೊಸದಾಗಿ ಡಬ್ ಮಾಡಿ ಟಿವೀಲಿ ಹಾಕಿದಾಗ.

ಒಂದು ವಿಷಯ ಮಧ್ಯದಲ್ಲಿ ಹೇಳ್ಬಿಡ್ತೀನಿ, ಬರ್ಗ್‌ಮನ್ ಬಗ್ಗೆ ಮಕ್ಕಳಿಗೆ ಹೇಳೋಕೆ. ಪರದೆ ಮೇಲೆ ಗಂಡನ ಜೊತೆ ಫ್ಲೈಟ್ ಹತ್ತಿದ್ದಕ್ಕೆ ಅಮೆರಿಕಾ ಅವರನ್ನ ದೇವತೆ ಮಾಡ್ತು. 1949ರಲ್ಲಿ ನಿಜ ಜೀವನದಲ್ಲಿ ಗಂಡನ್ನ ಬಿಟ್ಟು ಇಟಲಿಯ ಡೈರೆಕ್ಟರ್ ರೊಸೆಲಿನಿ ಹತ್ರ ಹೋದಾಗ ಅದೇ ಅಮೆರಿಕಾ ಎಷ್ಟು ಉರಿದುಬಿತ್ತು ಅಂದ್ರೆ, 1950ರಲ್ಲಿ ಸೆನೆಟ್‌ನಲ್ಲೇ ಒಬ್ಬ ಸೆನೆಟರ್ ಎದ್ದು ನಿಂತು ಬೈದ. ಬರ್ಗ್‌ಮನ್ ತಿರುಗಿ ಬಂದು ‘ಅನಸ್ತಾಸಿಯಾ’ಗೆ ಇನ್ನೊಂದು ಆಸ್ಕರ್ ತಗೊಂಡ್ರು. ಆಮೇಲೆ 1957ರಲ್ಲಿ ಸಿನಿಮಾ ಮಾಡೋಕೆ ಅಂತ ಭಾರತಕ್ಕೆ ಬಂದ ರೊಸೆಲಿನಿ ಸೋನಾಲಿ ದಾಸ್‌ಗುಪ್ತಾ ಅವರನ್ನ ಪ್ರೀತಿಸಿ, ಆ ಗಲಾಟೆ ನಮ್ಮ ಪೇಪರ್‌ಗಳಲ್ಲೆಲ್ಲ ಬಂತು, ಈ ಮದುವೆಯೂ ಮುರೀತು. ನಿಮ್ಮ ಆ ಹುಡುಗಿಗೆ ಇಲ್ಸಾಗಿಂತ ಬರ್ಗ್‌ಮನ್ ಕಥೆ ಹೆಚ್ಚು ಹಿಡಿಸಬಹುದು.

ಈಗ ಏನು ಮಾಡಬೇಕು ಅನ್ನೋದು.

ಕಲರ್ ಕಾಪಿ ಬೇಡ. 1988ರಲ್ಲಿ ಟರ್ನರ್ ಕಂಪನಿಯವರು ಕಂಪ್ಯೂಟರ್‌ನಲ್ಲಿ ಬಣ್ಣ ಬಳಿಸಿ ಟಿವೀಲಿ ಹಾಕಿದ್ರು, ಆವಾಗಲೇ ಗಲಾಟೆ ಆಗಿತ್ತು. ನಾನು ಬೇಡ ಅನ್ನೋದು ಮಡಿವಂತಿಕೆಯಿಂದಲ್ಲ. ಆ ಕೆಫೆಯ ಗೋಡೆ ಮೇಲಿನ ಜಾಲರಿ ನೆರಳು, ಸಿಗರೇಟ್ ಹೊಗೆ, ಬರ್ಗ್‌ಮನ್ ಕಣ್ಣಿನ ಆ ಚುಕ್ಕಿ ಬೆಳಕು, ಎಲ್ಲಾ ಬಿಳಿ ಕಪ್ಪಿನ ಲೆಕ್ಕದಲ್ಲಿ ಹಾಕಿದ ಲೈಟಿಂಗು. ಮೇಲೆ ಬಣ್ಣ ಬಳಿದ್ರೆ ಮುಖ ಎಲ್ಲಾ ಒಂದೇ ಗೋಧಿ ಬಣ್ಣ ಆಗಿ ನೆರಳು ಕೊಳಕಾಗಿ ಕಾಣುತ್ತೆ. ಅನುಕೂಲ ಅಂದ್ರೆ ಮೊದಲ ಐದು ನಿಮಿಷ ಮಕ್ಕಳು ‘ಅಯ್ಯೋ ಬ್ಲಾಕ್ ಅಂಡ್ ವೈಟಾ’ ಅನ್ನಲ್ಲ, ಅಷ್ಟೇ.

ಬರೀ ಫೇಮಸ್ ಸೀನ್ ತೋರಿಸೋದು ಇನ್ನೂ ಅಪಾಯ. ಅವು ಎಲ್ಲಾ ಕಡೆ ಕಾಪಿಯಾಗಿ, ಜೋಕಾಗಿ, ಮೀಮ್ ಆಗಿ ಸವೆದಿವೆ, ಒಂದರ ಹಿಂದೆ ಒಂದು ಹಾಕಿದ್ರೆ ಅಸಲಿ ಸಿನಿಮಾನೇ ಕಾಪಿ ಥರ ಕಾಣುತ್ತೆ. ಕ್ಲಾಸಲ್ಲಿ ಕ್ಲೋಸಪ್ ಬಗ್ಗೆ ಪಾಠ ಮಾಡೋಕೆ ಆ ಪಿಯಾನೊ ಸೀನ್ ಒಂದನ್ನ ಹಾಕೋದಾದ್ರೆ ಸರಿ.

ನಾನು ಮಾಡೋದು ಪೂರ್ತಿ ಸಿನಿಮಾ ಬ್ಲಾಕ್ ಅಂಡ್ ವೈಟಲ್ಲೇ, ಇಂಗ್ಲಿಷ್ ಸಬ್‌ಟೈಟಲ್ ಹಾಕಿ, ಮುಂಚೆ ಐದೇ ನಿಮಿಷ ಮಾತು. ಸಬ್‌ಟೈಟಲ್ ಬೇಕೇ ಬೇಕು, ಅಷ್ಟು ದೇಶದವರ ಉಚ್ಚಾರಣೆ ಅದು, ಡೈಲಾಗ್ ಓಟದಲ್ಲಿ ಹೋಗುತ್ತೆ, ಒಂದು ಜೋಕ್ ತಪ್ಪಿದ್ರೆ ಮುಂದಿನದೂ ತಪ್ಪುತ್ತೆ. ಐದು ನಿಮಿಷದಲ್ಲಿ ಲವ್ ಸ್ಟೋರಿ ಅನ್ನೋ ಮಾತೇ ಎತ್ತಬೇಡಿ. ಬೋರ್ಡ್ ಮೇಲೆ ಮ್ಯಾಪ್ ಹಾಕಿ, ಪ್ಯಾರಿಸ್, ಮಾರ್ಸೇ, ಸಮುದ್ರ ದಾಟಿ ಓರಾನ್, ಅಲ್ಲಿಂದ ಕಾಸಾಬ್ಲಾಂಕಾ, ಲಿಸ್ಬನ್, ಅಮೆರಿಕಾ, ಸಿನಿಮಾ ಶುರುವಾಗೋದೂ ಇದೇ ಮ್ಯಾಪಿಂದ. ವಿಶಿ ಅಂದ್ರೇನು ಅಂತ ಎರಡು ವಾಕ್ಯ. ದಾಲಿಯೊ, ಲೆಬೋ ಫೋಟೋ ತೋರಿಸಿ ಇವರನ್ನ ಹುಡುಕ್ತಾ ಇರಿ ಅನ್ನಿ. ಇದರಲ್ಲೂ ರಿಸ್ಕ್ ಇದೆ, ಐದು ನಿಮಿಷ ಇಪ್ಪತ್ತಾಗುತ್ತೆ, ಹಿಸ್ಟರಿ ಸರ್ ಮೈಕ್ ಹಿಡಿದ್ರೆ ಮೂವತ್ತು, ಆಮೇಲೆ ಮಕ್ಕಳು ಪಾಠದ ಮೂಡಲ್ಲಿ ನೋಡ್ತಾರೆ. ಕ್ಲೈಮ್ಯಾಕ್ಸ್ ಬಗ್ಗೆಯಂತೂ ಒಂದಕ್ಷರ ಬೇಡ. ಎಲ್ಲರಿಗೂ ಗೊತ್ತಿರುತ್ತೆ ಅಂತ ನಮ್ಮ ವಯಸ್ಸಿನವರು ಅಂದ್ಕೊಳ್ತೀವಿ, ಹತ್ತೊಂಬತ್ತರ ಹುಡುಗ್ರಿಗೆ ಗೊತ್ತಿರಲ್ಲ.

ಬಿಟ್ಟೇ ಬಿಡೋದೂ ಒಂದು ದಾರಿ, ಅದರಲ್ಲಿ ಅವಮಾನ ಏನಿಲ್ಲ. ನಿಮ್ಮ ಕ್ಲಬ್ ಈಗಷ್ಟೇ ಶುರುವಾಗಿರೋದು, ಹಳೇ ಹಾಲಿವುಡ್ ನೋಡಿ ಅಭ್ಯಾಸ ಇಲ್ಲದ ಮಕ್ಕಳಿಗೆ ಮೊದಲು ‘ರೋಮನ್ ಹಾಲಿಡೇ’ ಹಾಕಬಹುದು, ಅದರಲ್ಲಿ ಹೀರೋಯಿನ್ ಶುರುವಿಗೇ ಬರ್ತಾಳೆ, ತೀರ್ಮಾನಾನೂ ತಾನೇ ತಗೊಳ್ತಾಳೆ. ಇದನ್ನ ಸೆಮಿಸ್ಟರ್ ಕೊನೇಗೆ ಇಟ್ಕೊಳ್ಳಿ.

ಹಾಕೋದೇ ಆದ್ರೆ ಟೈಮ್ ನೋಡ್ಕೊಳ್ಳಿ. ಸಿನಿಮಾ 102 ನಿಮಿಷ, ನಿಮ್ಮದು ಎರಡು ಗಂಟೆ ಸ್ಲಾಟ್ ಇದ್ರೆ ಮುಗಿದ ತಕ್ಷಣ ಲೈಟ್ ಹಾಕಿ ‘ಹೇಗಿತ್ತು ಹೇಳಿ’ ಅಂತ ಗಡಿಬಿಡಿ ಡಿಸ್ಕಶನ್ ಬೇಡ, ಬಸ್ಸಿಗೆ ಹೋಗೋರು ಇರ್ತಾರೆ, ಅವರು ಎದ್ದ್ರೆ ಎಲ್ಲಾ ಏಳ್ತಾರೆ. ಚರ್ಚೆ ಮಾರನೇ ದಿನಕ್ಕೆ ಇಡಿ, ಆ ಹುಡುಗಿ ಕೇಳಿದ್ಲಲ್ಲ, ಆ ಪ್ರಶ್ನೆಯಿಂದಾನೇ ಶುರು ಮಾಡಿ, ಮಾತಾಡೋಕೆ ಮೊದಲು ಅವಳನ್ನೇ ಬಿಡಿ.